ಗರ್ಭಿಣಿಯ ರಕ್ತಹೀನತೆ: ಎಂಟನೆಯ ತಿಂಗಳವರೆಗೆ ಕಾಯಬಹುದೆ?



ನಮ್ಮ ಮನೆತನಗಳಲ್ಲಿ ಮಗಳೋ ಸೊಸೆಯೋ ಗರ್ಭಿಣಿಯಾದಳೆಂದರೆ ಸಂಭ್ರಮಕ್ಕೆ ಕೊರತೆಯಿರುವುದಿಲ್ಲ. ಐದನೆಯ ಅಥವಾ ಏಳನೆಯ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಉಡಿ ತುಂಬುತ್ತೇವೆ. ಎಂಟನೆಯ ತಿಂಗಳಲ್ಲಿ ಗುರುಗಳನ್ನು ಬರಮಾಡಿಕೊಂಡು ಗರ್ಭಸ್ಥ ಶಿಶುವಿಗೆ ಲಿಂಗಧಾರಣೆಯ ಸಂಸ್ಕಾರ ನೆರವೇರಿಸುವ ಪದ್ಧತಿಯೂ ನಮ್ಮಲ್ಲುಂಟು. ಇನ್ನೂ ಹುಟ್ಟದ ಕೂಸನ್ನು ಭಕ್ತನೆಂದು ಗೌರವಿಸುವ ಈ ಸಂಸ್ಕಾರ ನಿಜಕ್ಕೂ ಹಿರಿದಾದುದು. ಆದರೆ ಅಂದು ಮನೆ ತುಂಬ ನೆರೆದ ಬಂಧುಗಳಲ್ಲಿ ಎಷ್ಟು ಜನರಿಗೆ ಆ ತಾಯಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆಯೆಂಬುದು ತಿಳಿದಿರುತ್ತದೆ? ತಿಳಿದಾಗಲೂ ಆ ಹೊತ್ತಿಗೆ ಕಾಲ ಮಿಂಚಿರುವುದೇ ಹೆಚ್ಚು. ಈ ಸಲದ ಅಂಕಣವನ್ನು ಆ ಕಾಲದ ವಿಷಯಕ್ಕಾಗಿಯೇ ಮೀಸಲಿಟ್ಟಿದ್ದೇನೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ನೂರು ಜನ ಗರ್ಭಿಣಿಯರಲ್ಲಿ 52 ಜನರಿಗೆ ರಕ್ತಹೀನತೆಯಿತ್ತು. ಕರ್ನಾಟಕದಲ್ಲಿ ಈ ಪ್ರಮಾಣ ನೂರಕ್ಕೆ ಸುಮಾರು 45. ಇದು ಬಡವರ ಮನೆಯ ಮಾತೆಂದು ಯಾರೂ ಭಾವಿಸಬಾರದು. ಹಾಲು ತುಪ್ಪಕ್ಕೆ ಕೊರತೆಯಿಲ್ಲದ ಮನೆಗಳಲ್ಲಿಯೂ ಇದು ಧಾರಾಳವಾಗಿ ಕಾಣಿಸಿಕೊಳ್ಳುತ್ತದೆ. ಹಾಲಿನಲ್ಲಿಯಾಗಲಿ ತುಪ್ಪದಲ್ಲಿಯಾಗಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ.

ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ನೇ ಪ್ರಾಣವಾಯುವನ್ನು ದೇಹದ ಎಲ್ಲ ಭಾಗಗಳಿಗೂ ಒಯ್ಯುವ ವಾಹಕ. ಗರ್ಭಿಣಿಯಲ್ಲಿ ಅದು ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆಯೆಂದೂ, 7ಕ್ಕಿಂತ ಇಳಿದರೆ ತೀವ್ರ ರಕ್ತಹೀನತೆಯೆಂದೂ ಗಣಿಸುತ್ತಾರೆ. ಗರ್ಭಧಾರಣೆಯಾದ ಮೇಲೆ ರಕ್ತದ ದ್ರವಭಾಗ ಕೆಂಪುಕಣಗಳಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಬೆಳೆಯುವುದರಿಂದ ರಕ್ತ ಸಹಜವಾಗಿಯೇ ತುಸು ತೆಳುವಾಗುತ್ತದೆ. ಆದುದರಿಂದಲೇ ನಡುವಿನ ಮೂರು ತಿಂಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯು 10.5ರ ಗೆರೆಯನ್ನು ಒಪ್ಪಿದೆ. ಒಂದು ಗರ್ಭವನ್ನು ಹೊತ್ತು ಹೆರುವುದಕ್ಕೆ ತಾಯಿಗೆ ಒಟ್ಟು ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕು. ಅದರಲ್ಲಿ ಸುಮಾರು 300 ಮಿಲಿಗ್ರಾಂ ಕೂಸಿಗೂ ಮಾಸಿಗೂ ಹೋಗುತ್ತದೆ, 500ರಷ್ಟು ತಾಯಿಯ ಹೆಚ್ಚುವರಿ ರಕ್ತಕ್ಕೆ ವ್ಯಯವಾಗುತ್ತದೆ. ಮೊದಲೇ ಬರಿದಾದ ಕಣಜದಿಂದ ಇಷ್ಟನ್ನು ತೆಗೆಯುವುದಾದರೂ ಹೇಗೆ?

ಈಗ ಕಾಲದ ಲೆಕ್ಕವನ್ನು ನೋಡೋಣ. ಗುಳಿಗೆಗಳನ್ನು ತಪ್ಪದೆ ಸೇವಿಸಿದರೆ ಒಂದು ತಿಂಗಳಿಗೆ ಹಿಮೋಗ್ಲೋಬಿನ್ ಕನಿಷ್ಠ ಒಂದು ಗ್ರಾಂನಷ್ಟಾದರೂ ಏರಬೇಕೆಂಬುದು ವೈದ್ಯರ ನಿರೀಕ್ಷೆ. ನಾಲ್ಕನೆಯ ತಿಂಗಳಲ್ಲಿ 8 ಗ್ರಾಂ ಇರುವ ತಾಯಿಗೆ ಹೆರಿಗೆಯೊಳಗೆ ಚೇತರಿಸಿಕೊಳ್ಳಲು ಸಮಯವುಂಟು. ಎಂಟನೆಯ ತಿಂಗಳು ತುಂಬುವಾಗ ಅದೇ 8 ಗ್ರಾಂ ಗೊತ್ತಾದರೆ ಗುಳಿಗೆಗೆ ಉಳಿಯುವುದು ಕೆಲವೇ ವಾರ. ಆದುದರಿಂದ ಮುಟ್ಟು ನಿಂತು ಗರ್ಭವೆಂದು ಖಚಿತವಾದ ಕೂಡಲೇ, ಮೂರು ತಿಂಗಳೊಳಗೆ, ಮೊದಲ ರಕ್ತಪರೀಕ್ಷೆ ಆಗಬೇಕು.

ಕಣ್ಣ ರೆಪ್ಪೆಯ ಒಳಗನ್ನು ನೋಡಿ “ರಕ್ತ ಚೆನ್ನಾಗಿದೆ” ಎಂದು ಹೇಳುವ ಅನುಭವಿಗಳು ಪ್ರತಿ ಊರಿನಲ್ಲಿಯೂ ಇದ್ದಾರೆ. ತೀವ್ರ ರಕ್ತಹೀನತೆಯನ್ನು ಕಣ್ಣು ಹಿಡಿದೀತು. 9 ಅಥವಾ 10 ಗ್ರಾಂ ಇದ್ದಾಗ ನುರಿತ ವೈದ್ಯರ ಕಣ್ಣೂ ಮೋಸಹೋಗುತ್ತದೆ. ಬಹುಕಾಲ ನಮ್ಮ ಆಸ್ಪತ್ರೆಗಳಲ್ಲಿ ಸಾಹ್ಲಿ ಎಂಬ ಸ್ವಿಟ್ಜರ್ಲೆಂಡಿನ ವೈದ್ಯರ ಹೆಸರಿನ ಗಾಜಿನ ಉಪಕರಣವೇ ಬಳಕೆಯಲ್ಲಿತ್ತು. ರಕ್ತದ ಹನಿಯನ್ನು ಆಮ್ಲದಲ್ಲಿ ಕಲಸಿ, ನೀರು ಬೆರೆಸುತ್ತ, ಪಕ್ಕದ ಗಾಜಿನ ಕಂದು ಬಣ್ಣಕ್ಕೆ ಹೋಲಿಸಿ ಅಂಕಿ ಬರೆಯುವ ವಿಧಾನವದು. ಬೆಳಕು ಬೇರೆಯಾದರೆ, ನೋಡುವವರು ಬೇರೆಯಾದರೆ ಅಂಕಿಯೂ ಬೇರೆ. 2018ರಲ್ಲಿ ಕೇಂದ್ರ ಸರಕಾರವು ರಕ್ತಹೀನತೆಯಿಂದ ಮುಕ್ತ ಭಾರತವೆಂಬ ಕಾರ್ಯಕ್ರಮವನ್ನು ಆರಂಭಿಸಿದಾಗ ಅಂಕಿಯನ್ನು ನೇರವಾಗಿ ತೋರಿಸುವ ಡಿಜಿಟಲ್ ಯಂತ್ರಗಳನ್ನೇ ಬಳಸಬೇಕೆಂದು ಸೂಚಿಸಿದ್ದು ಇದೇ ಕಾರಣಕ್ಕೆ. ಪ್ರತಿ ತಪಾಸಣೆಯಲ್ಲಿಯೂ ಈ ಅಂಕಿಯನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿರಿ; ಬರೆಯದಿದ್ದರೆ ಕೇಳಿ ಬರೆಸಿರಿ.

ಇನ್ನೊಂದು ಲಕ್ಷಣವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗರ್ಭಿಣಿ ಮಣ್ಣು, ಬಳಪ, ಹಸಿ ಅಕ್ಕಿ ತಿನ್ನಲು ಹಾತೊರೆದರೆ ಅದನ್ನು ಬಯಕೆಯೆಂದು ನಗುತ್ತ ಬಿಟ್ಟುಬಿಡುತ್ತೇವೆ. ಎಲ್ಲ ಬಯಕೆಯೂ ಬಯಕೆಯಲ್ಲ. ಮಣ್ಣಿನ ಬಯಕೆ ಹಲವು ಸಲ ಕಬ್ಬಿಣದ ಕೊರತೆಯ ಕುರುಹು.

ಈ ರೋಗದ ಚಿಕಿತ್ಸೆಯ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಡೆದದ್ದು ಮುಂಬಯಿಯಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಸ್ತ್ರೀಯರು ಗರ್ಭಿಣಿಯರಾದಾಗ ವಿಚಿತ್ರ ರಕ್ತಹೀನತೆಯಿಂದ ಬಳಲಿ ಸಾಯುತ್ತಿದ್ದುದರ ಕಾರಣವನ್ನು ಹುಡುಕುವುದು ಅವರ ಉದ್ದೇಶ. ಇದೊಂದು ಸೋಂಕಿರಬಹುದೆಂಬ ಗುಮಾನಿಯೂ ಆಗ ಇತ್ತು. ವಿಲ್ಸ್ ಆ ಸ್ತ್ರೀಯರ ಮನೆಗಳ ಅಡುಗೆಯತ್ತ ದೃಷ್ಟಿ ಹಾಯಿಸಿದರು. ಯಾರ ಊಟದಲ್ಲಿ ಕಾಯಿಪಲ್ಯ ಹಣ್ಣುಗಳು ಇಲ್ಲವೋ ಅವರಲ್ಲಿಯೇ ರೋಗ ಹೆಚ್ಚೆಂಬುದನ್ನು ಕಂಡರು. ಅದೇ ಬಡ ಊಟವನ್ನು ಪ್ರಾಣಿಗಳಿಗೆ ತಿನ್ನಿಸಿ ಪರೀಕ್ಷಿಸಿದರು. ಕೊನೆಗೆ ಮಾರ್ಮೈಟ್ ಎಂಬ ಅಗ್ಗದ ಪದಾರ್ಥ, ಹುದುಗು ಹಿಡಿಸುವ ಯೀಸ್ಟಿನಿಂದ ಮಾಡಿದ ಲೇಹ್ಯದಂಥದು, ರೋಗಿಗಳನ್ನು ಗುಣಪಡಿಸುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು. ಅದರೊಳಗಿನ ಸತ್ವ ಯಾವುದೆಂದು ಅಂದು ಗೊತ್ತಿರಲಿಲ್ಲ. ಅದನ್ನು ವಿಲ್ಸ್ ಅಂಶವೆಂದೇ ಕರೆದರು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ ಫೋಲಿಕ್ ಆಮ್ಲವೇ ಅದು. 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ಲೆಡರ್ಲೆ ಪ್ರಯೋಗಾಲಯದ ತಂಡದ ಮುಖ್ಯಸ್ಥರು ನಮ್ಮ ನೆರೆಯ ಆಂಧ್ರದವರಾದ ಯಲ್ಲಾಪ್ರಗಡ ಸುಬ್ಬರಾವ್ ಅವರು. ಇಂದು ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ತಂದುಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆಗೆ ಇರುವುದು ಇದೇ ಫೋಲಿಕ್ ಆಮ್ಲ, 500 ಮೈಕ್ರೋಗ್ರಾಂ. ಆ ಗಿರಣಿಯ ತಾಯಂದಿರ ಋಣ ನಮ್ಮೆಲ್ಲರ ಮೇಲಿದೆಯೆಂದು ನಾನು ತಿಳಿದಿದ್ದೇನೆ.

ರಕ್ತಹೀನತೆಯಿಂದ ಆಗುವ ಹಾನಿ ಎಂಥದು? ಸುಸ್ತು, ಏದುಸಿರು, ಕಾಲು ಬಾವು ಇವು ಎಲ್ಲರಿಗೂ ತಿಳಿದವು. ಅವಧಿಗೆ ಮೊದಲೇ ಹೆರಿಗೆಯಾಗುವುದು, ಕೂಸು ಕಡಿಮೆ ತೂಕದ್ದಾಗುವುದು ಸಹ ಅದರ ಫಲವೇ. ಎಲ್ಲಕ್ಕಿಂತ ಘೋರವಾದುದು ಹೆರಿಗೆಯ ನಂತರದ ರಕ್ತಸ್ರಾವ. ತುಂಬಿದ ಕೊಡದಿಂದ ಒಂದು ತಂಬಿಗೆ ನೀರು ಚೆಲ್ಲಿದರೆ ಚಿಂತೆಯಿಲ್ಲ. ತಳದಲ್ಲಿದ್ದ ನೀರೇ ಚೆಲ್ಲಿದರೆ? ಪಾಕಿಸ್ತಾನ, ನೈಜೀರಿಯ, ಟಾಂಜಾನಿಯ, ಜಾಂಬಿಯ ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ರಕ್ತಹೀನ ತಾಯಂದಿರ ವಿವರಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧ್ಯಮ ರಕ್ತಹೀನತೆಯವರಿಗೆ ಹೋಲಿಸಿದರೆ ತೀವ್ರ ರಕ್ತಹೀನತೆಯುಳ್ಳವರಿಗೆ ಸಾವು ಅಥವಾ ಸಾವಿನಂಚಿಗೆ ಹೋಗುವ ಸಂಭವ ಏಳು ಪಟ್ಟು ಹೆಚ್ಚೆಂದು ಕಂಡುಬಂದಿತು. ಅದೇ ದೇಶಗಳಲ್ಲಿ ಅದೇ ಸಂಶೋಧಕರು 15,068 ತಾಯಂದಿರಿಗೆ ಇನ್ನೊಂದು ಪ್ರಯೋಗವನ್ನೂ ಮಾಡಿದ್ದರು. ರಕ್ತಸ್ರಾವವನ್ನು ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧವನ್ನು ಕೂಸು ಹುಟ್ಟಿದ ಕೂಡಲೇ ಕೊಟ್ಟರೆ ಅತಿಸ್ರಾವ ತಪ್ಪೀತೆಂಬ ಆಸೆ ಅವರದು. ತಪ್ಪಲಿಲ್ಲ. ಔಷಧ ಪಡೆದವರಲ್ಲಿಯೂ ಪಡೆಯದವರಲ್ಲಿಯೂ ಅತಿಸ್ರಾವದ ಪ್ರಮಾಣ ನೂರಕ್ಕೆ ಏಳರ ಆಸುಪಾಸಿನಲ್ಲಿಯೇ ಇತ್ತು. ತಿಂಗಳುಗಟ್ಟಲೆ ಬೆಳೆದ ಕೊರತೆಯನ್ನು ಹೆರಿಗೆಯ ಗಳಿಗೆಯಲ್ಲಿ ಒಂದು ಚುಚ್ಚುಮದ್ದಿನಿಂದ ತುಂಬಲು ಬರುವುದಿಲ್ಲವೆಂಬುದು ಈ ಎರಡನ್ನೂ ಓದಿದಾಗ ನನಗೆ ತೋರಿದ ಮಾತು.

ಹಾಗಾದರೆ ಗುಳಿಗೆಯ ಬದಲು ಕಬ್ಬಿಣವನ್ನೇ ರಕ್ತನಾಳದ ಮೂಲಕ ಏರಿಸಬಾರದೇಕೆ? ಇದು ಇಂದಿನ ಸಂಶೋಧಕರ ಮುಂದಿರುವ ಪ್ರಶ್ನೆ. ಆಫ್ರಿಕದ ಮಲಾವಿ ದೇಶದಲ್ಲಿ 862 ಗರ್ಭಿಣಿಯರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. 2023ರಲ್ಲಿ ಬಂದ ಫಲಿತಾಂಶದಂತೆ 36ನೆಯ ವಾರದಲ್ಲಿ ಚುಚ್ಚುಮದ್ದು ಪಡೆದವರಲ್ಲಿ ನೂರಕ್ಕೆ 52, ಗುಳಿಗೆ ನುಂಗಿದವರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಉಳಿದಿತ್ತು. ಇಷ್ಟು ಅಂತರವನ್ನು ಸಂಖ್ಯಾಶಾಸ್ತ್ರ ನಿಶ್ಚಿತವೆಂದು ಒಪ್ಪುವುದಿಲ್ಲ.

ನಮ್ಮ ನಾಡಿನಲ್ಲಿ ಇದಕ್ಕಿಂತ ದೊಡ್ಡ ಪ್ರಯೋಗವೇ ನಡೆಯಿತು. 1916ರಲ್ಲಿ ನಮ್ಮ ಸಮಾಜದ ತರುಣ ಶಿಕ್ಷಕರು ಬೆಳಗಾವಿಯಲ್ಲಿ ಕಟ್ಟಿದ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವು ಅಮೆರಿಕದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದೊಡನೆ ಸೇರಿ 2021ರಲ್ಲಿ ಇದನ್ನು ಆರಂಭಿಸಿತು. ಕರ್ನಾಟಕ ಮತ್ತು ರಾಜಸ್ಥಾನಗಳ 4,320 ಗರ್ಭಿಣಿಯರು, ಅಂದರೆ ಹಿಮೋಗ್ಲೋಬಿನ್ 7ರಿಂದ 9.9ರವರೆಗೆ ಇದ್ದವರು, ಮೂರು ಗುಂಪುಗಳಾದರು. ಎರಡು ಗುಂಪುಗಳಿಗೆ ಬೇರೆ ಬೇರೆ ಬಗೆಯ ಕಬ್ಬಿಣವನ್ನು ಒಂದೇ ಸಲ 1000 ಮಿಲಿಗ್ರಾಂ ರಕ್ತನಾಳದ ಮೂಲಕ ಕೊಟ್ಟರು. ಮೂರನೆಯ ಗುಂಪಿಗೆ ಎಂದಿನ ಗುಳಿಗೆ. ರಕ್ತಹೀನತೆಯಿಂದ ಪೂರ್ಣವಾಗಿ ಪಾರಾದವರ ಪ್ರಮಾಣದಲ್ಲಿ ಇಲ್ಲಿಯೂ ಗಣನೀಯ ಅಂತರ ಕಾಣಲಿಲ್ಲ. ಕೂಸಿನ ತೂಕದ ವಿಷಯದಲ್ಲಿ ಎರಡು ಚುಚ್ಚುಮದ್ದುಗಳ ಫಲ ಒಂದೇ ತೆರನಾಗಿರಲಿಲ್ಲ. ಅದರ ಚರ್ಚೆ ತಜ್ಞರಿಗೆ ಬಿಟ್ಟದ್ದು. ಸಾಮಾನ್ಯ ಕುಟುಂಬಕ್ಕೆ ಇದರಿಂದ ತಿಳಿಯಬೇಕಾದುದು ಇಷ್ಟು: ನಿಜವಾಗಿ ಹೊಟ್ಟೆಗೆ ಹೋದ ಗುಳಿಗೆ ಕೀಳಾದ ಔಷಧವಲ್ಲ. ದಿನಗಳು ತುಂಬುತ್ತ ಬಂದಾಗ, ಗುಳಿಗೆ ಒಗ್ಗದಿದ್ದಾಗ ಅಥವಾ ರಕ್ತಹೀನತೆ ತೀವ್ರವಾದಾಗ ಚುಚ್ಚುಮದ್ದಿನ ಬೆಲೆ ಬಹಳ. ಅದು ಆಸ್ಪತ್ರೆಯಲ್ಲಿ, ಮೂರು ತಿಂಗಳು ಕಳೆದ ಮೇಲೆ, ವೈದ್ಯರ ಎದುರಿನಲ್ಲಿಯೇ ಆಗಬೇಕಾದ ಕೆಲಸ.

ಆದರೆ ಗುಳಿಗೆ ಹೊಟ್ಟೆಗೆ ಹೋಗುತ್ತದೆಯೆ? ಗರ್ಭಿಣಿಯರಿಗೆ ಕಬ್ಬಿಣದ ಗುಳಿಗೆ ಹಂಚುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1970ರಲ್ಲಿ. ಅರ್ಧ ಶತಮಾನ ಕಳೆದರೂ ಗುಳಿಗೆಯ ಪಾಕೀಟು ಮಾಡದಲ್ಲಿಯೇ ಉಳಿಯುವ ಮನೆಗಳು ಎಷ್ಟಿಲ್ಲ! “ಕೂಸು ಕಪ್ಪಾಗುತ್ತದೆ”, “ಕೂಸು ಬಹಳ ಬೆಳೆದು ಹೆರಿಗೆ ಕಷ್ಟವಾಗುತ್ತದೆ” ಎಂದು ಅತ್ತೆಯವರು ಬೇಡವೆನ್ನುವುದನ್ನು ಇಂದಿಗೂ ಕೇಳುತ್ತೇವೆ. ಪೂಜ್ಯ ಹಿರಿಯರಲ್ಲಿ ನನ್ನ ವಿನಂತಿ: ಗುಳಿಗೆಯಿಂದ ಕಪ್ಪಾಗುವುದು ಮಲ ಮಾತ್ರ. ಅದು ಹೀರಿಕೆಯಾಗದೆ ಉಳಿದ ಕಬ್ಬಿಣದ ಬಣ್ಣ, ಅಪಾಯವಿಲ್ಲ. ಕೂಸಿನ ಮೈಬಣ್ಣ ತಂದೆತಾಯಿಗಳಿಂದ ಬಂದದ್ದು. ವಾಕರಿಕೆ, ಮಲಬದ್ಧತೆ ಆಗುವುದು ನಿಜ. ಊಟವಾದ ಮೇಲೆ, ರಾತ್ರಿ ಮಲಗುವ ಮುನ್ನ ನುಂಗಿದರೆ ಅನೇಕರಿಗೆ ತಡೆದೀತು. ತಾನಾಗಿ ನಿಲ್ಲಿಸಿಬಿಡುವ ಬದಲು ವೈದ್ಯರಿಗೆ ಹೇಳಿದರೆ ಬೇರೆ ಬಗೆಯ ಗುಳಿಗೆಯನ್ನು ಕೊಡುತ್ತಾರೆ.

ಸಸ್ಯಾಹಾರಿಗಳಾದ ನಮಗೆ ಇನ್ನೂ ಎರಡು ಮಾತು ಅವಶ್ಯ. ಕಾಳು, ಸೊಪ್ಪು, ಧಾನ್ಯಗಳ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಮೊಳಕೆ ಬರಿಸಿದ ಮಡಿಕೆಕಾಳು, ಗುರೆಳ್ಳು ಚಟ್ನಿಯ ನಮ್ಮ ಊಟ ಒಳ್ಳೆಯದೇ. ಅದರ ಜೊತೆಗೆ ಒಂದು ಹೋಳು ನಿಂಬೆ ಹಿಂಡಿಕೊಂಡರೆ ಅಥವಾ ನೆಲ್ಲಿಕಾಯಿ ತಿಂದರೆ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಆ ಲಾಭವೆಲ್ಲ ಹೋಗುತ್ತದೆ. ಕ್ಯಾಲ್ಸಿಯಂ ಗುಳಿಗೆಗೂ ಕಬ್ಬಿಣದ ಗುಳಿಗೆಗೂ ನಡುವೆ ಎರಡು ತಾಸಾದರೂ ಅಂತರವಿರಲಿ. ಎರಡನೆಯದಾಗಿ, ಬಿ-12 ಜೀವಸತ್ವ ಸೊಪ್ಪು ಕಾಳುಗಳಲ್ಲಿ ಇಲ್ಲವೇ ಇಲ್ಲ; ನಮಗೆ ಅದರ ಮೂಲ ಹಾಲು ಮೊಸರು ಮಾತ್ರ. ತಿಂಗಳು ತಪ್ಪದೆ ಗುಳಿಗೆ ನುಂಗಿದರೂ ಅಂಕಿ ಒಂದು ಗ್ರಾಂ ಏರದಿದ್ದರೆ ಬಿ-12 ಕೊರತೆ, ಜಂತುಹುಳು, ಆನುವಂಶಿಕವಾದ ಥಲಸೀಮಿಯ ಇವುಗಳ ಪರೀಕ್ಷೆ ಆಗಲೇಬೇಕು. ಮತ್ತೆ, ಎಲ್ಲರಿಗೂ ಬಡಿಸಿ ಕೊನೆಗೆ ಉಳಿದುದನ್ನು ಉಣ್ಣುವ ಸೊಸೆಗೆ ಯಾವ ಪಥ್ಯ ಹೇಳಿ ಏನು ಫಲ? ದಾಸೋಹದ ಮನೆಯಲ್ಲಿ ಬಸುರಿಯ ತಾಟು ಮೊದಲು ತುಂಬಲಿ.

ಪ್ರತಿ ತಿಂಗಳ 9ನೆಯ ತಾರೀಖಿನಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುವ ವ್ಯವಸ್ಥೆ 2016ರಿಂದ ಉಂಟು. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಗುಳಿಗೆ. ರಕ್ತಹೀನತೆಯಿದ್ದರೆ ವೈದ್ಯರ ಸೂಚನೆಯಂತೆ ದಿನಕ್ಕೆ ಎರಡು. ಹೆರಿಗೆಯಾದೊಡನೆ ಬಹಳಷ್ಟು ಮನೆಗಳಲ್ಲಿ ಗುಳಿಗೆ ನಿಂತುಹೋಗುತ್ತದೆ. ಅದು ಸಲ್ಲದು, ಬಾಣಂತಿಗೂ ಇನ್ನು 180 ದಿನ ಅದು ನಡೆಯಬೇಕು. ಹೆರಿಗೆಯ ಕೋಣೆಗೆ ಹೋಗುವ ಮೊದಲು ವೈದ್ಯರನ್ನು ಕೇಳಬಹುದಾದ ಇನ್ನೊಂದು ಸಂಗತಿಯಿದೆ. ಕೂಸು ಹುಟ್ಟಿದ ಒಂದರಿಂದ ಮೂರು ನಿಮಿಷಗಳ ನಂತರ ಹೊಕ್ಕುಳಬಳ್ಳಿಗೆ ಚಿಮಟ ಹಾಕಿದರೆ ಮಾಸಿನಲ್ಲಿರುವ ರಕ್ತ ಕೂಸಿಗೆ ಹರಿದು, ಮೊದಲ ಕೆಲವು ತಿಂಗಳಿಗೆ ಬೇಕಾದ ಕಬ್ಬಿಣ ಅದಕ್ಕೆ ದೊರೆಯುತ್ತದೆ.