ದವನ ಕೊಯ್ಯುವ ದಿನ ಯಾವುದು?

ಮಕ್ಕಳೇ, ಚೈತ್ರ ಮಾಸದ ಹುಣ್ಣಿಮೆಗೆ ನಮ್ಮ ಕಡೆ ಏನಂತಾರೆ ಗೊತ್ತೇ? ದವನದ ಹುಣ್ಣಿಮೆ. ಗೊತ್ತಿಲ್ಲದಿದ್ದರೆ ಮನೆಯಲ್ಲಿ ಅಜ್ಜಿಯನ್ನು ಕೇಳಿ. ಅಂದು ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ದೊಡ್ಡ ಜಾತ್ರೆ. ನಮ್ಮ ಹೊಳೆಮಣ್ಣೂರ ಇರುವುದು ಮಲಪ್ರಭೆಯ ದಂಡೆಯಲ್ಲಿ. ಸವದತ್ತಿ ಸೀಮೆಯ ನವಿಲುತೀರ್ಥದ ಅಣೆಕಟ್ಟು ದಾಟಿ ಬಂದ ನೀರೇ ನಮ್ಮ ಹೊಳೆಗೂ ಬರುತ್ತದೆ. ಹೀಗಾಗಿ ಆ ಗುಡ್ಡಕ್ಕೂ ನಮಗೂ ನಂಟು ಹಳೆಯದು. ಜಾತ್ರೆಯಿಂದ ಬಂದವರ ಚೀಲದಲ್ಲಿ ಭಂಡಾರದ ಪೊಟ್ಟಣದ ಜೊತೆ ಬೂದು ಬಣ್ಣದ, ಕೂದಲಿನಂಥ ಸಣ್ಣ ಎಲೆಯ ಒಂದು ಕಟ್ಟು ಇದ್ದರೆ, ಚೀಲ ಬಿಚ್ಚುವ ಮೊದಲೇ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ದವನದ ವಾಸನೆ ಅಂಥದ್ದು.

ಈ ವಾಸನೆ ಎಲ್ಲಿಂದ ಬರುತ್ತದೆ, ಅದನ್ನು ಹೆಚ್ಚಿಸುವುದು ಹೇಗೆ, ಅದು ಕಡಿಮೆಯಾಗುವುದು ಯಾಕೆ ಎಂಬುದೇ ಈ ವಾರದ ಮಾತು.

ದವನದ ಎಲೆ, ಹೂವುಗಳ ಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕ ಗ್ರಂಥಿಗಳಿರುತ್ತವೆ. ಒಂದೊಂದೂ ಎಣ್ಣೆ ತುಂಬಿದ ಪುಟ್ಟ ಗಡಿಗೆ ಇದ್ದಂತೆ. ನೀವು ಎಲೆಯನ್ನು ಬೆರಳಲ್ಲಿ ತಿಕ್ಕಿದಾಗ ಆ ಗಡಿಗೆಗಳು ಒಡೆಯುತ್ತವೆ, ಎಣ್ಣೆ ಗಾಳಿಗೆ ಹಾರುತ್ತದೆ, ಮೂಗಿಗೆ ತಾಗುತ್ತದೆ. ತುಳಸಿ, ನಿಂಬೆಹುಲ್ಲು, ಪುದೀನ ಎಲ್ಲದರ ಕತೆಯೂ ಹೆಚ್ಚು ಕಡಿಮೆ ಇದೇ. ಗಿಡ ಈ ಎಣ್ಣೆಯನ್ನು ನಮ್ಮ ಪೂಜೆಗೆಂದು ಮಾಡಿಕೊಂಡದ್ದಲ್ಲ. ಎಲೆ ತಿನ್ನಲು ಬರುವ ಹುಳುಹುಪ್ಪಟೆಗಳನ್ನು ದೂರ ಇಡಲು, ತನ್ನ ರಕ್ಷಣೆಗೆಂದು ಮಾಡಿಕೊಂಡದ್ದು. ನಾವು ಅದರಲ್ಲಿ ಪಾಲು ಕೇಳುತ್ತೇವೆ, ಅಷ್ಟೇ.

ದವನದ ಎಣ್ಣೆಯನ್ನು ಅತ್ತರು ಮಾಡುವವರು, ತಿಂಡಿಗೆ ಪರಿಮಳ ಸೇರಿಸುವವರು ಕೊಳ್ಳುತ್ತಾರೆ. ಕರ್ನಾಟಕ, ತಮಿಳುನಾಡು, ಆಂಧ್ರ, ಮಹಾರಾಷ್ಟ್ರಗಳಲ್ಲಿ ಬೆಳೆಯುವ ಈ ಗಿಡದ ಎಣ್ಣೆ ಹೊರದೇಶಗಳಿಗೂ ಹೋಗುತ್ತದೆ. ಗಿಡವನ್ನು ಹಬೆಯಲ್ಲಿ ಬೇಯಿಸಿ, ಆ ಹಬೆಯನ್ನು ತಣ್ಣಗೆ ಮಾಡಿ, ನೀರಿನ ಮೇಲೆ ತೇಲುವ ಎಣ್ಣೆಯನ್ನು ಬೇರೆ ತೆಗೆಯುತ್ತಾರೆ. ಸಿಗುವುದೆಷ್ಟು? 100 ಕಿಲೋ ಹಸಿ ದವನಕ್ಕೆ ಸುಮಾರು 200 ಗ್ರಾಂ, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಅಂದರೆ ಒಂದು ಗಾಡಿ ಹೇರಿನಿಂದ ಒಂದು ಬಾಟಲಿ.

ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು, ಲೆಕ್ಕದ ಭಾಷೆಯಲ್ಲೇ ಹೇಳುತ್ತೇನೆ. ಸೊಪ್ಪಿನ ತೂಕ ಅಸಲು, ಎಣ್ಣೆ ಬಡ್ಡಿ. ಒಬ್ಬ ರೈತನ ಹೊಲದಲ್ಲಿ 1000 ಕಿಲೋ ದವನ ಬಂತು, ಎಣ್ಣೆ ಶೇಕಡಾ 0.2 ಅಂತ ಹಿಡಿಯಿರಿ. ಎಣ್ಣೆ 2 ಕಿಲೋ ಆಯಿತು. ಪಕ್ಕದ ಹೊಲದವನು ಯೂರಿಯಾ, ನೀರು ಧಾರಾಳವಾಗಿ ಕೊಟ್ಟು 1200 ಕಿಲೋ ತೆಗೆದ, ಆದರೆ ಎಣ್ಣೆ ಶೇಕಡಾ 0.15ಕ್ಕೆ ಇಳಿಯಿತು ಅನ್ನಿ. ಅವನಿಗೆ ಸಿಕ್ಕದ್ದೆಷ್ಟು? ಪೆನ್ಸಿಲ್ ತೆಗೆದುಕೊಳ್ಳಿ. 1.8 ಕಿಲೋ! ಕೊಯ್ಯುವ ಕೂಲಿ, ಸಾಗಿಸುವ ಬಾಡಿಗೆ, ಬೇಯಿಸುವ ಕಟ್ಟಿಗೆ ಎಲ್ಲ ಹೆಚ್ಚು. ಕೈಗೆ ಬಂದ ಎಣ್ಣೆ ಕಡಿಮೆ. ಇವು ನಿಮಗೆ ತಿಳಿಯಲೆಂದು ನಾನು ಹಿಡಿದ ಅಂಕಿಗಳು. ಆದರೆ ಪರಿಮಳದ ಬೆಳೆ ಬೆಳೆಯುವವರೆಲ್ಲ ಮಾಡಲೇಬೇಕಾದ ಲೆಕ್ಕ ಇದು. ಜೋಳವನ್ನು ತೂಕಕ್ಕೆ ಮಾರುತ್ತೇವೆ. ದವನದಲ್ಲಿ ತೂಕವನ್ನಷ್ಟೇ ನೋಡಿದರೆ ಮೋಸ ಹೋಗುತ್ತೇವೆ.

ಗೊಬ್ಬರ, ನೀರಿಗಿಂತಲೂ ದೊಡ್ಡ ಸಂಗತಿ ಇನ್ನೊಂದಿದೆ. ಅದು ಕೊಯ್ಯುವ ದಿನ.

ದವನ ಚಳಿಗಾಲದ ಬೆಳೆ. ಅಕ್ಟೋಬರ್, ನವೆಂಬರಿನಲ್ಲಿ ಬೀಜ ಹಾಕಿ, ಸಸಿ ಗಟ್ಟಿಯಾದ ಮೇಲೆ ಕಿತ್ತು ನೆಡುತ್ತಾರೆ. ಚಳಿಯಲ್ಲಿ, ಇಬ್ಬನಿಯಲ್ಲಿ ಅದು ಚೆನ್ನಾಗಿ ಬೆಳೆಯುತ್ತದೆ. ಫೆಬ್ರುವರಿ ಕೊನೆ, ಮಾರ್ಚ್ ಮೊದಲ ಹೊತ್ತಿಗೆ ಹಳದಿ ಬಣ್ಣದ ಪುಟ್ಟ ಹೂವು ಕಾಣುತ್ತದೆ. ತಡವಾಗಿ ಬಿತ್ತಿದರೆ ಬಿಸಿಲು ಏರಿ, ಗಿಡ ಗೇಣುದ್ದ ಇರುವಾಗಲೇ ಹೂ ಬಿಟ್ಟು ಮುಗಿಸಿಬಿಡುತ್ತದೆ. ಹೂ ಬಿಟ್ಟಾಗ ಮಳೆ ಬಿದ್ದರೂ ನಷ್ಟ.

ಹೂ ಬಿಡುವ ಮೊದಲೇ ಕೊಯ್ದರೆ ಎಣ್ಣೆ ಕಡಿಮೆ. ಗಿಡದ ತುಂಬ ಹೂ ಅರಳಿದಾಗ ಎಣ್ಣೆ ಹೆಚ್ಚು. ಹಾಗಾದರೆ ಇನ್ನೂ ಕಾಯೋಣವೇ? ಅಲ್ಲೇ ಇದೆ ಸೂಕ್ಷ್ಮ. ದವನದ ಎಣ್ಣೆಯಲ್ಲಿ ಹತ್ತಾರು ವಸ್ತುಗಳಿವೆ. ಅವುಗಳಲ್ಲಿ ಮುಖ್ಯವಾದದ್ದಕ್ಕೆ ಗಿಡದ ಹೆಸರನ್ನೇ ಇಟ್ಟು ದವನೋನ್ ಎಂದು ಕರೆದಿದ್ದಾರೆ. ಮೊಗ್ಗು ಮೂಡುವ ಹಂತದಿಂದ ಬೀಜ ಕಟ್ಟುವ ಹಂತಕ್ಕೆ ಹೋಗುತ್ತ ಈ ದವನೋನಿನ ಪಾಲು ಇಳಿಯುತ್ತದೆ, ಬೇರೆ ವಸ್ತುಗಳ ಪಾಲು ಏರುತ್ತದೆ ಎಂದು ಪರೀಕ್ಷೆ ಮಾಡಿದವರು ಕಂಡುಕೊಂಡಿದ್ದಾರೆ. ಅಂದರೆ ಎಣ್ಣೆ ಎಷ್ಟು ಎಂಬ ಪ್ರಶ್ನೆ ಬೇರೆ, ಎಂಥ ಎಣ್ಣೆ ಎಂಬ ಪ್ರಶ್ನೆ ಬೇರೆ. ಎರಡಕ್ಕೂ ಹೊಂದುವ ದಿನ ಹೂ ಪೂರ್ತಿ ಅರಳಿ, ಬೀಜ ಇನ್ನೂ ಕಟ್ಟದಿರುವ ಆ ನಡುವಿನ ಕೆಲವು ದಿನ ಮಾತ್ರ.

ಬ್ಯಾಂಕಿನ ಮುದ್ದತಿ ಠೇವಣಿ ಹಿರಿಯರಿಗೆ ಗೊತ್ತು. ಮುದ್ದತಿಗೆ ಮೊದಲೇ ಮುರಿದರೆ ಬಡ್ಡಿ ಖೋತಾ. ಪ್ರತಿ ಸುಗಂಧದ ಗಿಡಕ್ಕೂ ಅಂಥದ್ದೇ ಒಂದು ಮುದ್ದತು ಇದೆ. ತುಳಸಿಯ ಎಣ್ಣೆ ತೆಗೆಯುವವರು ಮಂಜರಿ ಪೂರ್ತಿ ಅರಳುವವರೆಗೆ ಕಾಯುತ್ತಾರೆ. ನಿಂಬೆಹುಲ್ಲನ್ನು ಮೊದಲ ಸಲ ನಾಲ್ಕೈದು ತಿಂಗಳಿಗೆ ಕೊಯ್ದರೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಕೊಯ್ಯುತ್ತ ಹೋಗಬಹುದು. ಲಾವಂಚದ ಎಣ್ಣೆ ಬೇರಿನಲ್ಲಿದೆ. ಅದಕ್ಕೆ ಒಂದೂಕಾಲು, ಒಂದೂವರೆ ವರ್ಷ ಬೇಕು. ಅವಸರಪಟ್ಟು ಎಳೆಯ ಬೇರು ಅಗೆದವನಿಗೆ ಒಳ್ಳೆಯ ಎಣ್ಣೆ ಸಿಗದು.

ಔಷಧಿಯ ಗಿಡಗಳಲ್ಲೂ ಹೀಗೆಯೇ. ದವನದ ದಾಯಾದಿಯಂಥ ಒಂದು ಗಿಡ ಚೀನಾದಲ್ಲಿದೆ. ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದ ಟು ಯೂಯೂ ಎಂಬ ವಿಜ್ಞಾನಿ ಅದನ್ನು ಕೈಗೆತ್ತಿಕೊಂಡರು. ಮೊದಲು ಫಲ ಸರಿಯಾಗಿ ಸಿಗಲಿಲ್ಲ. ಆಗ 1,600 ವರ್ಷಕ್ಕಿಂತ ಹಳೆಯ ಒಂದು ವೈದ್ಯ ಗ್ರಂಥ ನೋಡಿದರು. ಅದರಲ್ಲಿ ಗಿಡವನ್ನು ಕುದಿಸಲು ಹೇಳಿರಲಿಲ್ಲ, ನೀರಲ್ಲಿ ನೆನೆಸಿ ಹಿಂಡಲು ಹೇಳಿತ್ತು. ಕಾವಿಗೆ ಗುಣ ಕೆಡುತ್ತಿರಬಹುದು ಎಂದು ಅವರಿಗೆ ಹೊಳೆಯಿತು. 1971ರಲ್ಲಿ ಕಡಿಮೆ ಕಾವಿನಲ್ಲಿ ಸಾರ ತೆಗೆದರು, ಮದ್ದು ಸಿಕ್ಕಿತು. ಗುಣ ಇರುವುದು ಎಲೆಯಲ್ಲಿ, ಅದೂ ಹೂ ಬಿಡುವುದಕ್ಕೆ ಸ್ವಲ್ಪ ಮೊದಲು ಹೆಚ್ಚು ಎಂಬುದನ್ನೂ ಅವರ ತಂಡ ಕಂಡುಕೊಂಡಿತು. 2015ರಲ್ಲಿ ಅವರಿಗೆ ನೊಬೆಲ್ ಬಂತು. ಗಿಡ ಅದೇ ಇದ್ದರೂ ಕೊಯ್ದ ಹೊತ್ತು, ತೆಗೆದ ರೀತಿ ಸರಿಯಿಲ್ಲದಿದ್ದರೆ ಗುಣ ಕೈಗೆ ಹತ್ತುವುದಿಲ್ಲ. ಇಷ್ಟು ಕೇಳಿ ನಮ್ಮ ದವನವನ್ನು ಜ್ವರಕ್ಕೆ ಕುಡಿಯಲು ಹೋಗಬೇಡಿ. ಅದು ಬೇರೆ ಗಿಡ, ಇದು ಬೇರೆ.

ಈಗ ದವನದ ಬೀಜದ ಮಾತು. ಪೂರ್ತಿ ಹೂವಿದ್ದಾಗ ಎಲ್ಲವನ್ನೂ ಕೊಯ್ದುಬಿಟ್ಟರೆ ಎಣ್ಣೆಯೇನೋ ಸಿಕ್ಕಿತು, ಮುಂದಿನ ವರ್ಷಕ್ಕೆ ಬೀಜ? ದವನದ ಬೀಜ ಧೂಳಿನಷ್ಟು ಸಣ್ಣದು, ಬಹಳ ಕಾಲ ಇಟ್ಟುಕೊಳ್ಳಲು ಬರುವುದಿಲ್ಲ. ಹಿಂದಿನ ಹಂಗಾಮಿನ ಬೀಜವನ್ನೇ ಬಿತ್ತಬೇಕು. ಹಳೆಯದಾದಷ್ಟೂ ಮೊಳೆಯುವುದು ಕಡಿಮೆ. ಆದ್ದರಿಂದ ತಿಳಿದವರು ಚೆನ್ನಾಗಿ ಬೆಳೆದ ಕೆಲವು ಗಿಡಗಳನ್ನು ಮುಟ್ಟದೆ ಬಿಡುತ್ತಾರೆ. ಆ ಗಿಡಗಳ ಪರಿಮಳ ಇಳಿಯುತ್ತದೆ, ಬಣ್ಣ ಹೋಗುತ್ತದೆ, ಮಾರಿದರೆ ದುಡ್ಡೂ ಬರದು. ಆದರೂ ಅವು ಬೇಕು. ಮನೆಯಲ್ಲಿ ಒಂದೆರಡು ವರ್ಷ ದವನ ಹಾಕುವುದು ಬಿಟ್ಟರೆ ಡಬ್ಬಿಯಲ್ಲಿ ಬೀಜ ಇದ್ದರೂ ಇಲ್ಲದಂತೆಯೇ. ಮತ್ತೆ ಇನ್ನೊಬ್ಬರ ಮನೆಯಿಂದಲೇ ತರಬೇಕು. ಅವರೂ ಬಿಟ್ಟಿದ್ದರೆ?

ಅದಕ್ಕೇ ಹೇಳುತ್ತೇನೆ, ಮಕ್ಕಳೇ, ಈ ಸಲ ಮನೆಗೊಂದು ಕುಂಡ ದವನ ಆಗಲಿ. ನಮ್ಮ ಎರಿ ಮಣ್ಣು ನೀರು ಹಿಡಿದಿಡುತ್ತದೆ, ದವನದ ಬೇರಿಗೆ ಅದು ಆಗದು. ಕೆಂಪು ಮಣ್ಣು, ಉಸುಕು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಕೂಡಿಸಿ, ತಳಕ್ಕೆ ತೂತು ಇರುವ ಕುಂಡಕ್ಕೆ ತುಂಬಿ. ಬೀಜವನ್ನು ಸಣ್ಣ ಉಸುಕಿನಲ್ಲಿ ಬೆರೆಸಿ ತೆಳ್ಳಗೆ ಉದುರಿಸಿ. ನೀರು ಸುರಿಯಬೇಡಿ, ಚಿಮುಕಿಸಿ. ಬಿಸಿಲು ಬೀಳುವ ಕಡೆ ಇಡಿ. ಬೀಜ ಸಿಗದಿದ್ದರೆ ತುಳಸಿಯಲ್ಲೇ ಮಾಡಿ ನೋಡಬಹುದು.

ಸಸಿ ದೊಡ್ಡದಾದ ಮೇಲೆ ಎರಡು ಕುಂಡಗಳಲ್ಲಿ ನೆಡಿ. ಒಂದಕ್ಕೆ ದಿನಾ ನೀರು, ಹದಿನೈದು ದಿನಕ್ಕೊಮ್ಮೆ ಗೊಬ್ಬರ. ಇನ್ನೊಂದಕ್ಕೆ ಮೇಲಿನ ಮಣ್ಣು ಒಣಗಿದಾಗ ಮಾತ್ರ ನೀರು. ಗಿಡ ಎಷ್ಟು ಎತ್ತರ ಬಂತು, ಮೊದಲ ಹೂ ಯಾವತ್ತು ಬಂತು ಎಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಿರಿ. ಹೂ ಅರಳಿದ ದಿನ ಅಜ್ಜ, ಅಜ್ಜಿಯ ಕಣ್ಣು ಮುಚ್ಚಿಸಿ, ಎರಡೂ ಗಿಡದ ಒಂದೊಂದು ತುದಿ ತಿಕ್ಕಿ ಮೂಸಲು ಕೊಡಿ. ಯಾವುದು ಘಾಟು, ಯಾವುದು ಸಪ್ಪೆ? ವಯಸ್ಸಾದ ಮೂಗು ಸ್ವಲ್ಪ ಮಂದ ಇರುತ್ತದೆ; ಆದ್ದರಿಂದ ನಿಮ್ಮ ಗೆಳೆಯರ ಕೈಲೂ ಮೂಸಿಸಿ, ಮತ ಎಣಿಸಿ.

ಹಿರಿಯರಿಗೆ ಎರಡು ಮಾತು. ಕೊಯ್ದ ದವನವನ್ನು ಬಿಸಿಲಿಗೆ ಹಾಕಬೇಡಿ, ಎಣ್ಣೆ ಹಾರಿಹೋಗುತ್ತದೆ. ಇಬ್ಬನಿ ಆರಿದ ಮೇಲೆ ಕೊಯ್ದು ನೆರಳಲ್ಲಿ ಆರಿಸಿದರೆ, ಟ್ರಂಕಿನ ಬಟ್ಟೆಯ ನಡುವೆ ಬಹಳ ದಿನ ಪರಿಮಳ ಉಳಿಯುತ್ತದೆ. ಅಂಗಡಿಯ ಸುಗಂಧದ ಎಣ್ಣೆ ಯಾವುದೇ ಇರಲಿ, ಬಲು ಖಾರ. ಅದನ್ನು ಮಕ್ಕಳ ಮೂಗಿಗೆ, ಮೈಗೆ ಹಾಗೇ ಹಚ್ಚಬೇಡಿ, ಕುಡಿಸಲೂ ಬೇಡಿ.

ಕೊಯ್ಯುವ ದಿನ ಬಂದಾಗ ಮೊಮ್ಮಕ್ಕಳ ಕೈಗೆ ಕತ್ತರಿ ಕೊಡುವ ಮುಂಚೆ, ಎಲ್ಲಕ್ಕಿಂತ ಚೆನ್ನಾಗಿರುವ ಗಿಡಕ್ಕೆ ಒಂದು ಕೆಂಪು ದಾರ ಕಟ್ಟಿಸಿ. ಅದು ಬೀಜಕ್ಕೆ. ಹೂವಿನ ತಲೆಗಳು ಕಂದಾದಾಗ ಬಿಳಿ ಬಟ್ಟೆಯ ಮೇಲೆ ಕೊಡವಿ, ಕಾಗದದಲ್ಲಿ ಕಟ್ಟಿ, ಮೇಲೆ ವರ್ಷ ಬರೆದಿಡಿ. ಒಂದು ಪೊಟ್ಟಣ ಮನೆಗೆ, ಇನ್ನೊಂದು ನೆರೆಮನೆಗೆ.