ಹಾಡು ಯಾರ ಸೊತ್ತು?

ಹಾಡಿನ ಮಾತು ಬಂದರೆ ನಮ್ಮಲ್ಲಿ ಕೆಲವು ದೊಡ್ಡ ಮನುಷ್ಯರು ಮೂಗು ಮುರಿಯುತ್ತಾರೆ. ಗಿರಣಿಯವನಿಗೆ ಸಿನಿಮಾ ಹಾಡು ಸಾಕು, ಅಂಗಡಿಯವನಿಗೆ ಭಜನೆ ಸಾಕು, ಸಂಗೀತವೆಂಬುದು ತಿಳಿದವರ ಸೊತ್ತು ಎಂಬುದು ಅವರ ಮತ. ಭೂಮಿಯನ್ನು ಹಂಚಲು ಒಪ್ಪದವರು ಹಾಡನ್ನು ಹಂಚಲು ಒಪ್ಪಿಯಾರೇ? ಅವರ ಮಾತು ಅವರಿಗಿರಲಿ. ಆದರೆ ದುಡಿಯುವ ಜನರೇ ಇದನ್ನು ನಂಬಿ, ತಮಗೆ ಪ್ರಿಯವಾದ ಹಾಡನ್ನು ನಾಲ್ವರ ಮುಂದೆ ಹೇಳಲು ನಾಚಿಕೊಳ್ಳುವುದನ್ನು ಕಂಡಾಗ ಸುಮ್ಮನಿರುವುದು ಸಾಧ್ಯವಿಲ್ಲ.

ಹಾಡಿನಲ್ಲಿ ಮೇಲು ಕೀಳು ಎಣಿಸಿದರೆ ಏನಾಗುತ್ತದೆಂಬುದಕ್ಕೆ ಆಕಾಶವಾಣಿಯ ಚರಿತ್ರೆಯೇ ಸಾಕ್ಷಿ. 1952ರಲ್ಲಿ ಬಿ. ವಿ. ಕೇಸ್ಕರ್ ಅವರು ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಗಳಾದರು. ಶಾಸ್ತ್ರೀಯ ಸಂಗೀತವನ್ನು ಬಲ್ಲವರು, ಪ್ರಾಮಾಣಿಕರು. ಸಿನಿಮಾ ಹಾಡು ಜನರ ಅಭಿರುಚಿಯನ್ನು ಕೆಡಿಸುತ್ತದೆಂದು ಅವರು ದೃಢವಾಗಿ ನಂಬಿದ್ದರು. ಹಾಡುಗಳಿಗೆ ಕತ್ತರಿ ಬಿತ್ತು; ಚಿತ್ರದ ಹೆಸರು ಹೇಳುವುದು ಜಾಹೀರಾತೆಂದು ಅದನ್ನೂ ಬಿಡಲಾಯಿತು. ನಿರ್ಮಾಪಕರು ಸಿಟ್ಟಾಗಿ ಕೊಟ್ಟ ಅನುಮತಿಯನ್ನೇ ಹಿಂತೆಗೆದುಕೊಂಡರು. ದೇಶದ ರೇಡಿಯೋದಿಂದ ಸಿನಿಮಾ ಹಾಡು ಬಹುಮಟ್ಟಿಗೆ ಮಾಯವಾಯಿತು.

ಜನ ಏನು ಮಾಡಿದರು? ರೇಡಿಯೋದ ಮುಳ್ಳು ತಿರುಗಿಸಿದರು, ಅಷ್ಟೆ. ಅದೇ 1952ರ ಕೊನೆಯಲ್ಲಿ ಸಿಲೋನ್ ರೇಡಿಯೋದಲ್ಲಿ ಬಿನಾಕಾ ಗೀತಮಾಲಾ ಆರಂಭವಾಗಿತ್ತು. ಪ್ರತಿ ಬುಧವಾರ ರಾತ್ರಿ ಅಮೀನ್ ಸಯಾನಿಯವರ ದನಿಗಾಗಿ ಊರೂರು ಕಾದು ಕುಳಿತಿತು. ಖರ್ಚು ಕೊಡುತ್ತಿದ್ದುದು ಹಲ್ಲುಜ್ಜುವ ಪೇಸ್ಟಿನ ಕಂಪನಿ. ನಮ್ಮ ಸರಕಾರ ಜನರನ್ನು ಉದ್ಧರಿಸಲು ಹೋಗಿ ಅವರನ್ನು ಜಾಹೀರಾತಿನವರ ಮಡಿಲಿಗೆ ನೂಕಿತು! ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ತೆರೆದು ಸಿನಿಮಾ ಹಾಡನ್ನು ಮರಳಿ ಕರೆತರಬೇಕಾಯಿತು.

ಕೇಸ್ಕರ್ ಅವರು ಮಾಡಿದ್ದೆಲ್ಲ ತಪ್ಪೆಂದು ನಾವು ಹೇಳುವುದಿಲ್ಲ. ರಾಜಮಹಾರಾಜರ ಆಶ್ರಯ ತಪ್ಪಿದ ಕಲಾವಿದರಿಗೆ ಆಕಾಶವಾಣಿ ಅನ್ನ ಕೊಟ್ಟಿತು. ಅರಮನೆಯ ಗೋಡೆಯೊಳಗಿದ್ದ ಸಂಗೀತ ಬಡವನ ಕಿವಿಗೂ ಬಿತ್ತು. ಅದು ಸಮಾಜವಾದಕ್ಕೆ ಒಪ್ಪುವ ಕೆಲಸವೇ. ಒಂದನ್ನು ಕೊಡುವುದಕ್ಕಾಗಿ ಇನ್ನೊಂದನ್ನು ಕಸಿದುಕೊಂಡದ್ದೇ ಅವರ ತಪ್ಪು.

ಪೇಟಿಯ ಕಥೆ ಇದಕ್ಕಿಂತ ವಿಚಿತ್ರ. ಹಾರ್ಮೋನಿಯಂ ಪರದೇಶದ ವಾದ್ಯ, ನಮ್ಮ ಗಮಕಗಳು ಅದರಲ್ಲಿ ನುಡಿಯುವುದಿಲ್ಲ ಎಂದು 1940ರಲ್ಲಿ ಅದನ್ನು ಆಕಾಶವಾಣಿಯಿಂದ ಹೊರಗಟ್ಟಿದರು. 1971ರವರೆಗೆ ಬಾಗಿಲು ತೆರೆಯಲಿಲ್ಲ. ಆಗಲೂ ಪೂರ್ತಿ ತೆರೆಯಲಿಲ್ಲ. ನಮ್ಮ ನಾಟಕ ಕಂಪನಿಗಳ ಜೀವವಾಗಿದ್ದ ಪೇಟಿ, ಊರ ಭಜನಾ ಮೇಳದ ಪೇಟಿ, ದೇಶದ ರೇಡಿಯೋಗೆ ಮೈಲಿಗೆಯಾಯಿತು!

ಮಂತ್ರಿಯ ಕೈಯಿಂದ ಬಿಡಿಸಿಕೊಂಡ ಹಾಡು ಇಂದು ಯಾರ ಕೈಯಲ್ಲಿದೆ? ಮೊಬೈಲ್ ಕಂಪನಿಗಳ ಕೈಯಲ್ಲಿ. ಬೇಕಾದ ಹಾಡು ಬೆರಳ ತುದಿಯಲ್ಲಿದೆ ಎನ್ನುತ್ತಾರೆ, ನಿಜ. ಆದರೆ ಮುಂದಿನ ಹಾಡನ್ನು ಯಂತ್ರವೇ ಆರಿಸಿ ಕೊಡುತ್ತದೆ. ನೀವು ನಿನ್ನೆ ಕೇಳಿದ್ದಕ್ಕೆ ಹತ್ತಿರವಾದುದನ್ನೇ ಇಂದೂ ಬಡಿಸುತ್ತದೆ. ಒಂದೇ ಮನೆಯಲ್ಲಿ ಅಪ್ಪನ ಕಿವಿಗೊಂದು ಹಾಡು, ಮಗನ ಕಿವಿಗೊಂದು ಹಾಡು. ಒಬ್ಬರದು ಇನ್ನೊಬ್ಬರಿಗೆ ಕೇಳಿಸದು. ಹಿಂದೆ ಅಭ್ರಕದ ಗಣಿಗಳಿಂದ ಹೆಸರಾದ ಝುಮ್ರಿ ತಿಲೈಯಾ ಎಂಬ ಸಣ್ಣ ಊರಿನವರು ಸಿಲೋನಿಗೂ ವಿವಿಧ ಭಾರತಿಗೂ ಕಾರ್ಡು ಬರೆದು ಬರೆದೇ ದೇಶಕ್ಕೆಲ್ಲ ಪರಿಚಿತರಾದರು. ಹಾಡಿನ ಜೊತೆಗೆ ತಮ್ಮ ಹೆಸರು, ಗೆಳೆಯರ ಹೆಸರು, ಊರ ಹೆಸರು ರೇಡಿಯೋದಲ್ಲಿ ಬರಲೆಂಬುದು ಅವರ ಆಸೆ. ಆ ಒಂದಾಣೆಯ ಆಸೆಯಲ್ಲಿ ಹಂಚಿಕೊಳ್ಳುವ ಗುಣವಿತ್ತು.

ದುಡಿಮೆಗೂ ಹಾಡಿಗೂ ಇದ್ದ ನಂಟನ್ನು ನೆನೆಯಿರಿ. ಬೀಸುಕಲ್ಲಿನ ಮುಂದೆ ಹೆಂಗಸರು ಹಾಡಿದ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು ಮನೆಮನೆ ತಿರುಗಿ ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು. ಅವುಗಳನ್ನು ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ. ಓದು ಬರಹ ಬಾರದ ತಾಯಂದಿರು. ಹಿಟ್ಟಿನ ಗಿರಣಿ ಬಂತು, ತೋಳಿನ ನೋವು ತಪ್ಪಿತು, ಒಳ್ಳೆಯದೇ ಆಯಿತು. ಆದರೆ ಹಾಡಿಗೆ ಕೂರುವ ಜಾಗ ತಪ್ಪಿತು. ಬಟ್ಟೆ ಗಿರಣಿಯಲ್ಲಂತೂ ಮಗ್ಗದ ಸದ್ದಿನಲ್ಲಿ ಪಕ್ಕದವನ ಮಾತೇ ಕೇಳದು, ಇನ್ನು ಹಾಡೆಲ್ಲಿ?

ಆದರೂ ಗಿರಣಿಗೆ ಹಾಡು ಹೊರಗಿನದಲ್ಲ. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಳ್ಳುವ ಮುನ್ನ ಗಿರಣಿಯ ಮೇಲೂ ಒಂದು ಪದ ಕಟ್ಟಿದ್ದಾರೆ. ಹೊಗೆಯುಗುಳುವ ಯಂತ್ರದಲ್ಲೂ ಅವರು ತತ್ವವನ್ನು ಕಂಡರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಗೋವಿಂದಭಟ್ಟರು; ಆ ಪದಗಳನ್ನು ಉಳಿಸಿದವರು ಏಕತಾರಿ ಹಿಡಿದ ಎಲ್ಲ ಜಾತಿಯ ಬಡವರು. ರೆಕಾರ್ಡಿಲ್ಲ, ರೇಡಿಯೋ ಇಲ್ಲ. ಬಾಯಿಂದ ಬಾಯಿಗೆ ಹಂಚಿಕೊಂಡೇ ಬಂತು. ಸಿ. ಅಶ್ವತ್ಥ್ ಅವರ ದನಿಯಲ್ಲಿ, ಕ್ಯಾಸೆಟ್ಟಿನಲ್ಲಿ, 1990ರ ಚಿತ್ರದಲ್ಲಿ ಪಟ್ಟಣದವರು ಕೇಳಿದ್ದು ಆ ಮೇಲಿನ ಮಾತು. ಹಳ್ಳಿಯ ಭಜನಾ ಮೇಳ ಅದನ್ನು ಜೋಪಾನ ಮಾಡದಿದ್ದರೆ ಕಂಪನಿಗಳು ಮಾರುವುದಕ್ಕೆ ಏನಿರುತ್ತಿತ್ತು?

ಆದ್ದರಿಂದ ನಮ್ಮ ಸಲಹೆ ಇಷ್ಟು. ತಿಂಗಳಿಗೊಂದು ಸಂಜೆ, ಪಾಳಿ ಮುಗಿದ ಮೇಲೆ, ಸಂಘದ ಕಚೇರಿಯಲ್ಲೋ ಯಾವುದಾದರೂ ಅಂಗಡಿಯ ಜಗುಲಿಯಲ್ಲೋ ಸೇರೋಣ. ಒಬ್ಬೊಬ್ಬರು ಒಂದೊಂದು ಹಾಡು ತರಲಿ. ವ್ಯಾಪಾರಿ ದಾಸರ ಪದ ತರಲಿ, ಮಗ್ಗದವನು ಹಳೆಯ ಚಿತ್ರದ ಹಾಡು ತರಲಿ, ಅಜ್ಜಿಯರು ಬೀಸುವ ಪದ ತರಲಿ, ಹುಡುಗರು ಮೊಬೈಲಿನಲ್ಲಿ ಮೊನ್ನೆ ಬಂದದ್ದನ್ನೇ ತರಲಿ. ಹಾಡಲು ಬಾರದವರು ಕೇಳಿಸಿದರೂ ಆಯಿತು. ನಿಯಮ ಎರಡೇ: ಯಾರ ಹಾಡನ್ನೂ ಯಾರೂ ನಗೆಯಾಡಬಾರದು, ಕಟ್ಟಿದವರಾರು, ಹಾಡಿದವರಾರು ಎಂಬುದನ್ನು ತಿಳಿದಷ್ಟು ಹೇಳಬೇಕು. ಎರಡನೆಯ ನಿಯಮ ಸಣ್ಣದಲ್ಲ. ಸಿನಿಮಾ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಧನದ ಪಾಲನ್ನು ಬರೆಸಿಕೊಂಡು ಕಸಿಯಬಾರದೆಂಬ ಕಾನೂನು ಬಂದದ್ದೇ 2012ರಲ್ಲಿ. ದುಡಿದವನ ಹೆಸರು ಮರೆತರೆ ಅವನ ಕೂಲಿಯೂ ಮರೆತುಹೋಗುತ್ತದೆ. ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೋನಸ್ಸಿನ ಚರ್ಚೆಗೆ ಸೇರುವ ಜನ ಹಾಡಿಗೂ ಸೇರಲಿ. ಹಂಚಿದರೆ ರೊಟ್ಟಿ ಕಡಿಮೆಯಾಗುತ್ತದೆ, ಹಾಡು ಕಡಿಮೆಯಾಗುವುದಿಲ್ಲ. ಒಬ್ಬರ ಹಾಡನ್ನು ಒಬ್ಬರು ತಾಳ್ಮೆಯಿಂದ ಕೇಳಲು ಕಲಿತವರು ನಾಳೆ ಒಬ್ಬರ ಕಷ್ಟವನ್ನು ಒಬ್ಬರು ಕೇಳುತ್ತಾರೆ. ಸಂಘ ಕಟ್ಟುವುದೆಂದರೆ ಅದೇ.