ಗೇಣಿದಾರನ ಹೇಳಿಕೆಯೂ ಇತಿಹಾಸವೇ

ಇತಿಹಾಸದ ಎಂ.ಎ. ಓದುವ ನಮ್ಮ ಹುಡುಗ ಹುಡುಗಿಯರು ಅರಸರ ವಂಶಾವಳಿಯನ್ನೂ ಯುದ್ಧಗಳ ಇಸವಿಯನ್ನೂ ಚೆನ್ನಾಗಿ ಬಲ್ಲರು. ಆದರೆ ಒಂದು ಹಳೆಯ ಸರಕಾರಿ ಕಡತವನ್ನು ಬಿಚ್ಚಿ, ಓದಿ, ಇದ್ದ ಹಾಗೆಯೇ ಕಟ್ಟಿಡುವುದನ್ನು ಕಲಿಯದೆಯೂ ಪದವಿ ಪಡೆಯಬಹುದು. ಇದು ಬಡಗಿಯೊಬ್ಬ ಉಳಿ ಹಿಡಿಯದೆ ಬಡಗಿಯಾದಂತೆ.

ಸಂಶೋಧನೆಗೆ ಇಳಿದವರ ಪಾಡು ಬೇರೆ. ಕರ್ನಾಟಕ 1956ರಲ್ಲಿ ಒಂದಾಯಿತು. ಅದರ ಹಳೆಯ ಕಾಗದಗಳು ಒಂದಾಗಲಿಲ್ಲ. ಧಾರವಾಡ, ಬೆಳಗಾವಿಯ ಕಡತಗಳಿಗೆ ಮುಂಬಯಿಗೆ ಹೋಗಬೇಕು. ಬಳ್ಳಾರಿ, ಮಂಗಳೂರಿನವಕ್ಕೆ ಚೆನ್ನೈಗೆ. ಬೀದರ, ರಾಯಚೂರಿನವಕ್ಕೆ ಹೈದರಾಬಾದಿಗೆ. ಕಂಪನಿ ಸರಕಾರದ ಕಾಗದಗಳಿಗೆ ಲಂಡನ್ನಿಗೆ. ಕೂಲಿಕಾರನ ಮಗಳು ಈ ಖರ್ಚನ್ನು ಎಲ್ಲಿಂದ ತಂದಾಳು? ಇತಿಹಾಸ ಬರೆಯುವ ಹಕ್ಕು ಟಿಕೆಟ್ಟು ಕೊಳ್ಳಬಲ್ಲವರ ಸೊತ್ತಾಗಬೇಕೆ?

ದೂರದ್ದು ಹಾಗಿರಲಿ. ಹಿತ್ತಿಲ ಗಿಡ ಮದ್ದಲ್ಲ ಎಂಬಂತೆ, ನಮ್ಮ ತಾಲೂಕು ಕಚೇರಿಗಳ ದಾಖಲೆ ಕೋಣೆಗಳತ್ತ ವಿದ್ವಾಂಸರ ಕಣ್ಣು ಬಿದ್ದದ್ದು ಕಡಿಮೆ. 1951ರಲ್ಲಿ ನಮ್ಮ ಜಿಲ್ಲೆಯ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು, ಡಾ. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಇದು ಪುಸ್ತಕಗಳಲ್ಲಿದೆ. ಅದಾದ 23 ವರ್ಷಗಳ ಮೇಲೆ, 1974ರ ಮಾರ್ಚ್ 1ರಂದು, ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಜಾರಿಗೆ ಬಂತು. ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ರಾಜ್ಯದಲ್ಲಿ ಬಂದ ಅರ್ಜಿಗಳು 8 ಲಕ್ಷಕ್ಕೂ ಹೆಚ್ಚು. ಭೂ ನ್ಯಾಯಮಂಡಲಿಗಳ ಮುಂದೆ ಆರಂಭದಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿದಾರ ತಾನೇ ನಿಂತು ಮಾತಾಡಬೇಕಿತ್ತು: ಯಾವಾಗಿನಿಂದ ಉಳುತ್ತಿದ್ದೇನೆ, ಗೇಣಿ ಎಷ್ಟು ಕೊಟ್ಟೆ, ರಸೀತಿ ಏಕಿಲ್ಲ, ಸಾಕ್ಷಿ ಯಾರು. ಅಕ್ಷರ ಬಾರದವರ ಮಾತು ಸರಕಾರಿ ಕಾಗದದ ಮೇಲೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಇಳಿದ ಸಂದರ್ಭಗಳು ನಮ್ಮ ನಾಡಿನಲ್ಲಿ ವಿರಳ.

ಅರ್ಜಿ ಗೆದ್ದವನ ಹೆಸರು ಪಹಣಿಯಲ್ಲಿದೆ. ಸೋತವನು ಆ ಹೊಲ ಉತ್ತಿದ್ದನೆಂಬುದಕ್ಕೆ ಆ ಕಡತ ಬಿಟ್ಟರೆ ಬೇರೆ ಗುರುತು ಸಿಕ್ಕುವುದು ಕಷ್ಟ. ಅದು ಗೆದ್ದಲಿನ ಪಾಲಾದರೆ ಅವನು ಎರಡನೆಯ ಬಾರಿ ಸೋತ ಹಾಗೆ.

ಇವೆಲ್ಲ ಕಂದಾಯದ ಗುಮಾಸ್ತೆಯ ಕೆಲಸ, ಇತಿಹಾಸವಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಶಾಸನ ಕೆತ್ತಿಸಿದವನೂ ಭೂಮಿಯ ಲೆಕ್ಕವನ್ನೇ ಕೆತ್ತಿಸಿದನಲ್ಲವೆ? ಕಲ್ಲಿನ ದತ್ತಿ ಇತಿಹಾಸವಾದರೆ ಕಾಗದದ ಗೇಣಿಯೂ ಇತಿಹಾಸವೇ.

ನಾವು ಕೇಳುವುದಿಷ್ಟೆ. ನ್ಯಾಯಮಂಡಲಿಯ ಯಾವ ಕಡತವನ್ನೂ ನಾಶಪಡಿಸಕೂಡದೆಂದು ಸರಕಾರ ಸ್ಪಷ್ಟ ಆಜ್ಞೆ ಹೊರಡಿಸಲಿ. ಎಂ.ಎ. ವಿದ್ಯಾರ್ಥಿಗಳು ಒಂದು ಅವಧಿಯನ್ನು ತಮ್ಮ ತಾಲೂಕಿನ ದಾಖಲೆ ಕೋಣೆಯಲ್ಲಿ ಕಳೆಯಲಿ. ಅದಕ್ಕೆ ಊಟ, ಬಸ್ಸಿನ ಖರ್ಚಿಗಾಗುವಷ್ಟು ವೇತನವಿರಲಿ. ಕಟ್ಟುಗಳ ಮೂಲಕ್ರಮ ಕೆಡಿಸದೆ ಪಟ್ಟಿ ಮಾಡುವುದನ್ನು ರಾಜ್ಯ ಪತ್ರಾಗಾರ ಇಲಾಖೆಯವರು ಕಲಿಸಲಿ. ದೆಹಲಿಯ ರಾಷ್ಟ್ರೀಯ ಪತ್ರಾಗಾರ ಲಕ್ಷಗಟ್ಟಲೆ ಪುಟಗಳನ್ನು ಅಭಿಲೇಖ ಪಟಲ್ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ; ನಮ್ಮ ತಾಲೂಕುಗಳಿಗೆ ಮಾತ್ರ ಅದು ಏಕೆ ಅಸಾಧ್ಯ?

ತಡಮಾಡುವ ಹೊತ್ತಲ್ಲ ಇದು. 1974ರಲ್ಲಿ 30 ವರ್ಷದವರಾಗಿದ್ದ ಅರ್ಜಿದಾರರು ಇಂದು 80 ದಾಟಿದ್ದಾರೆ. ಕಡತದಲ್ಲಿ ಬರೆದುಕೊಳ್ಳದೆ ಬಿಟ್ಟ ಮಾತನ್ನು ಹೇಳಬಲ್ಲವರು ಅವರೇ. ವಿಶ್ವವಿದ್ಯಾನಿಲಯಗಳು ಈ ವರ್ಷವೇ ಅವರ ಜಗಲಿಗೆ ವಿದ್ಯಾರ್ಥಿಗಳನ್ನು ಕಳುಹಿಸಲಿ.